ಬಸ್ರೂರು ಒಂದು ಕಾಲದಲ್ಲಿ ಅಷ್ಟು ದುಡ್ಡಿನ ಊರಾಗಿತ್ತಾ? ಗೊತ್ತಿದ್ದವರು ಹೇಳಿ

ದಾರಿಹೋಕ
ನಾವು ಬೆಂಗಳೂರಿನವರು ಮರವಂತೆಗೆ ಅಂತ ಹೊರಟರೆ ಕುಂದಾಪುರದ ಹೆದ್ದಾರಿಯಲ್ಲಿ 'ಬಸ್ರೂರು ಮೂರುಕೈ' ದಾಟಿಯೇ ಹೋಗಬೇಕು. ಬೋರ್ಡ್ ಓದಿದ್ದೇನೆ ಅಷ್ಟೇ, ಒಳಗಿನ ಊರಿನಲ್ಲಿ ಏನಿದೆ ಅಂತ ಯಾವತ್ತೂ ನೋಡಿಲ್ಲ. ಮೊನ್ನೆ ಒಂದು ಹಳೇ ಪೋರ್ಚುಗೀಸ್ ನಕ್ಷೆ ಕಣ್ಣಿಗೆ ಬಿತ್ತು. ಗೋವಾ, ಹೊನ್ನಾವರ, ಮಂಗಳೂರಿನ ಸಾಲಿನಲ್ಲೇ 'ಬಾರ್ಸೆಲೋರ್' ಅಂತ ಬರೆದಿದ್ದಾರೆ. ಹುಡುಕಿದರೆ ಅದು ಇದೇ ಬಸ್ರೂರಂತೆ!

ಇಷ್ಟು ಸಣ್ಣ ಊರು ಆ ಸಾಲಿಗೆ ಹೇಗೆ ಬಂತು? ದುಡ್ಡು ಎಲ್ಲಿಂದ ಬರುತ್ತಿತ್ತು? ಇನ್ನೊಂದು ವಿಷಯ. ಫೆಬ್ರವರಿ ಬಂದರೆ ನಮ್ಮ ಗ್ರೂಪಿಗೆ ಒಂದು ಮೆಸೇಜ್ ಬರುತ್ತದೆ, ಶಿವಾಜಿ ಬಂದು ಬಸ್ರೂರನ್ನು ಪೋರ್ಚುಗೀಸರಿಂದ ಬಿಡಿಸಿದ ಅಂತ. ಅದು ನಿಜವಾ?

ಕುಂದಾಪ್ರದವ
ಹ್ವಾಯ್, ಕಡೆಗೂ ನಮ್ಮ ಕಡೆಯ ಊರಿನ ಬಗ್ಗೆ ಒಬ್ಬರು ಕೇಳಿದರಲ್ಲ! ಎಲ್ಲರೂ ಮರವಂತೆಯಲ್ಲಿ ಸೆಲ್ಫಿ ತೆಗೆದು, ಊಟ ಮಾಡಿ ವಾಪಸ್ ಹೋಗುವವರೇ. ದುಡ್ಡಿನ ಊರಾಗಿತ್ತಾ ಅಂದರೆ, ಹೌದು ಮಾರಾಯ್ರೆ. ಹಡಗು ಬರುತ್ತಿದ್ದ ಊರು. ಬೀದಿಗಳಿಗೆಲ್ಲ ಒಂದೊಂದು ಹೆಸರು, ಒಂದೊಂದು ಕಸುಬು. ಉಳಿದದ್ದನ್ನು ಓದಿಕೊಂಡವರು ಹೇಳಲಿ. ನಾನು ಹೇಳಿದರೆ ಜಂಬ ಅಂತೀರಿ.

ಉಪ್ಪುಗಾಳಿ
ಸಮುದ್ರ ಎಲ್ಲಿದೆ ಅಲ್ಲಿ? ಬಸ್ರೂರು ಇರುವುದು ವಾರಾಹಿ ದಂಡೆಯಲ್ಲಿ. ಕುಂದಾಪುರದಿಂದ ಆರೇಳು ಕಿಲೋಮೀಟರ್ ಒಳಗೆ.

ಹಲರು_ಸೆಟ್ಟಿ
ಅದೇ ಅದರ ಲಾಭ ಸ್ವಾಮಿ. ನಮ್ಮ ಕರಾವಳಿಯ ಹಳೇ ಬಂದರುಗಳೆಲ್ಲ ಹೀಗೇ ಇದ್ದವು. ಬಾರ್ಕೂರು ಸೀತಾ ನದಿಯ ಮೇಲೆ, ಮಿರ್ಜಾನ್ ಅಘನಾಶಿನಿಯ ಹತ್ತಿರ, ಗೇರುಸೊಪ್ಪೆ ಶರಾವತಿಯ ಮೇಲೆ. ನೇರ ಕಡಲ ದಂಡೆಯಲ್ಲಿ ಕೂತರೆ ಮಳೆಗಾಲದ ಅಲೆ ಬಡಿಯುತ್ತದೆ, ಕಳ್ಳರೂ ಬರುತ್ತಾರೆ. ಅಳಿವೆಯಿಂದ ಸ್ವಲ್ಪ ಒಳಗಿದ್ದರೆ ಎರಡೂ ಕಾಟ ಕಡಿಮೆ. ಮೇಲಿನಿಂದ ಘಟ್ಟದ ಸರಕು ಬರಲಿಕ್ಕೂ ಹತ್ತಿರ. ಬಾಳೆಬರೆ ಘಾಟಿ ಹತ್ತಿದರೆ ಕೆಳದಿ ಅರಸರ ರಾಜಧಾನಿಯಾಗಿದ್ದ ಬಿದನೂರಿನ ಸೀಮೆ. ಈಗಲೂ ಸಿದ್ದಾಪುರ, ಹೊಸಂಗಡಿ ಮೇಲೆ ಹೊಸನಗರಕ್ಕೆ ಹೋಗುವವರು ಅದೇ ಘಾಟಿ ಹತ್ತುತ್ತಾರೆ.

ದುಡ್ಡು ಎಲ್ಲಿಂದ ಅಂದಿರಲ್ಲ. ಮೆಣಸು ಅಂತ ಎಲ್ಲರೂ ಹೇಳುತ್ತಾರೆ. ಮೆಣಸು ಇತ್ತು, ಸರಿ. ಆದರೆ ಬಸ್ರೂರನ್ನು ಸಾಕಿದ್ದು ಅಕ್ಕಿ. ಮಲಬಾರಿಗೆ ತಾನು ಬೆಳೆದ ಅಕ್ಕಿ ಸಾಲುತ್ತಿರಲಿಲ್ಲ. ಗೋವಾದ ಪೋರ್ಚುಗೀಸರಿಗೂ ಅಷ್ಟೇ. ಹೊರ್ಮುಜ್, ಮಸ್ಕತ್ ಕಡೆಯ ಮರಳುಗಾಡಿನಲ್ಲಂತೂ ಭತ್ತ ಬೆಳೆಯುವ ಮಾತೇ ಇಲ್ಲ. ಅವರೆಲ್ಲರ ಅನ್ನ ನಮ್ಮ ಕೆನರಾ ಕರಾವಳಿಯಿಂದ ಹೋಗುತ್ತಿತ್ತು. 16ನೇ ಶತಮಾನದ ಮೊದಲಲ್ಲಿ ಇಲ್ಲಿದ್ದ ಬಾರ್ಬೋಸಾ ಎಂಬ ಪೋರ್ಚುಗೀಸ್ ಅಧಿಕಾರಿ ಬಾರ್ಕೂರು, ಬಸ್ರೂರು ಎರಡನ್ನೂ ಒಟ್ಟಿಗೆ ಹೆಸರಿಸಿ, ಅಲ್ಲಿ ಅಕ್ಕಿ ತುಂಬಿಕೊಂಡು ಹೋಗುವ ಹಡಗುಗಳ ಬಗ್ಗೆ ಬರೆದಿದ್ದಾನೆ.

ಮೆಣಸಿನ ವ್ಯಾಪಾರದಲ್ಲಿ ಒಂದು ವರ್ಷ ಭರ್ಜರಿ ಲಾಭ, ಒಂದು ವರ್ಷ ಯುದ್ಧ. ಅಕ್ಕಿ ಹಾಗಲ್ಲ. ಹೊಟ್ಟೆ ಪ್ರತಿ ವರ್ಷವೂ ಹಸಿಯುತ್ತದೆ.

ಗದ್ದೆಬದು
ಅಕ್ಕಿ ಮಾರಿ ಶ್ರೀಮಂತರಾದರಂತೆ! ಈಗ ನಮ್ಮ ಗದ್ದೆಯಲ್ಲಿ ಭತ್ತ ಬೆಳೆದರೆ ನಾಟಿಯ ಕೂಲಿಯೂ ಹುಟ್ಟುವುದಿಲ್ಲ. ನಮ್ಮಪ್ಪಯ್ಯ ಹಟಕ್ಕೆ ಬೆಳೆಯುತ್ತಾರೆ ಅಷ್ಟೇ. ಆ ಸೆಟ್ಟರು ಈಗ ಇದ್ದರೆ ನಂಬರ್ ಕಳಿಸಿ.

ಹಲರು_ಸೆಟ್ಟಿ
😀 ಬೆಳೆದವನು ಶ್ರೀಮಂತ ಆದ ಅಂತ ನಾನೆಲ್ಲಿ ಹೇಳಿದೆ? ತುಂಬಿಸಿ ಕಳಿಸಿದವನು ಆದ. ಅದು ಆಗಲೂ ಹಾಗೇ, ಈಗಲೂ ಹಾಗೇ.

ನೀರುದೋಸೆ
ಇಬ್ನ್ ಬತೂತ ಬಸ್ರೂರಿಗೆ ಬಂದಿದ್ದ ಅಂತ ಕೇಳಿದ್ದೆ. ಅದು ಬಾರ್ಕೂರಾ, ಬಸ್ರೂರಾ?

ಮೋಡಿಲಿಪಿ
ಎರಡೂ. ದೆಹಲಿಯ ಮುಹಮ್ಮದ್ ಬಿನ್ ತುಘಲಕ್ ಅವನನ್ನು ಚೀನಾಕ್ಕೆ ರಾಯಭಾರಿಯಾಗಿ ಕಳಿಸಿದ್ದ. 1342ರಲ್ಲಿ ದೆಹಲಿ ಬಿಟ್ಟು, ಆಮೇಲೆ ಪಶ್ಚಿಮ ಕರಾವಳಿಯಲ್ಲಿ ಹಡಗಿನಲ್ಲಿ ಇಳಿದು ಬರುತ್ತಾನೆ. ಹೊನ್ನಾವರ ದಾಟಿದ ಮೇಲೆ ಅವನು 'ಅಬೂ ಸರೂರ್' ಎಂಬ ಊರು ಹೆಸರಿಸುತ್ತಾನೆ. ಅದನ್ನೇ ಬಸ್ರೂರು ಅಂತ ಗುರುತಿಸುತ್ತಾರೆ. ದೊಡ್ಡ ಅಳಿವೆಯ ಮೇಲಿನ ಸಣ್ಣ ಊರು, ತೆಂಗಿನ ಮರ ಜಾಸ್ತಿ ಅಂತ ವರ್ಣನೆ. ನೋಡಿ, ಆಗಲೂ ಸಣ್ಣ ಊರೇ! ಅಲ್ಲಿನ ಮುಸ್ಲಿಮರ ಮುಖಂಡ ಶೇಖ್ ಜುಮ್ಮಾ ಎಂಬವನು, ಇದ್ದ ಆಸ್ತಿಯನ್ನೆಲ್ಲ ಫಕೀರರಿಗೆ, ಬಡವರಿಗೆ ಕೊಟ್ಟು ಖಾಲಿ ಮಾಡಿಕೊಂಡವನು ಅಂತಲೂ ಹೇಳುತ್ತಾನೆ.

ಮುಂದಿನದು ಫಾಕನೂರ್, ಅಂದರೆ ಬಾರ್ಕೂರು. ಅಲ್ಲಿನ ಕಬ್ಬಿನಷ್ಟು ಒಳ್ಳೆಯದು ಬೇರೆಲ್ಲೂ ಇಲ್ಲ ಅಂತ ಹೊಗಳುತ್ತಾನೆ. ಅಲ್ಲಿನ ಅರಸನಿಗೆ ಸುಮಾರು 30 ಯುದ್ಧನೌಕೆ ಇದ್ದವಂತೆ. ಆ ದಾರಿಯಲ್ಲಿ ಹೋಗುವ ಹಡಗು ಅಲ್ಲಿ ನಿಂತು ಬಂದರಿನ ಹಕ್ಕು ಅಂತ ಕಾಣಿಕೆ ಕೊಡಲೇಬೇಕು. ಕೊಡದೆ ಓಡಿದರೆ ಅಟ್ಟಿಸಿಕೊಂಡು ಬಂದು ಹಿಡಿದು ಎರಡರಷ್ಟು ವಸೂಲಿ.

ಉಪ್ಪುಗಾಳಿ
ಹೆದ್ದಾರಿಯ ಟೋಲ್ ಗೇಟ್ ಆವತ್ತೇ ಶುರುವಾಗಿತ್ತು ಅನ್ನಿ.

ಕತ್ತಲೆಬಸದಿ
ಬಸ್ರೂರಿನವರು ಬೇಜಾರು ಮಾಡ್ಕೋಬೇಡಿ, ಆದರೆ ಬಾರ್ಕೂರಿನ ಮುಂದೆ ನಿಮ್ಮೂರು ಎಷ್ಟರದ್ದು? ಆಳುಪರ ರಾಜಧಾನಿ ನಮ್ಮದು. ವಿಜಯನಗರದ ಕಾಲದಲ್ಲಿ ಬಾರ್ಕೂರು ರಾಜ್ಯ ಅಂತ ಪ್ರಾಂತ್ಯಕ್ಕೇ ಹೆಸರು. ಬಾರ್ಕೂರು ಗದ್ಯಾಣ ಅಂತ ನಾಣ್ಯ. 365 ದೇವಸ್ಥಾನ.

ಕುಂದಾಪ್ರದವ
365 ಎಣಿಸಿದವರು ಯಾರು? ದಿನಕ್ಕೊಂದು ಅಂತ ಲೆಕ್ಕ ಮಾಡಿ ಹೇಳಿದ್ದು ಅದು.

ಕತ್ತಲೆಬಸದಿ
ಬಂದು ನೋಡಿ. ಹೆಜ್ಜೆ ಹೆಜ್ಜೆಗೂ ಗುಡಿ.

ಹಲರು_ಸೆಟ್ಟಿ
ಇಬ್ಬರೂ ಸ್ವಲ್ಪ ನಿಲ್ಲಿಸಿ. ಎರಡೂ ಊರು ಬೇರೆ ಬೇರೆ ಥರ. ಬಾರ್ಕೂರು ಅರಸರ ಊರು, ರಾಜ್ಯಪಾಲರ ಊರು. ಬಸ್ರೂರಿನಲ್ಲಿ ಅರಸನ ಕೈಗಿಂತ ಸೆಟ್ಟಿಗಳ ಕೈ ಮೇಲು. ನನಗೆ ಈ ಊರು ಇಷ್ಟ ಆಗುವುದೇ ಅದಕ್ಕೆ.

ಬಸ್ರೂರಿನ ವಿಜಯನಗರ ಕಾಲದ ಶಾಸನಗಳಲ್ಲಿ ಪಡುವಕೇರಿ, ಮೂಡುಕೇರಿ ಎಂಬ ಎರಡು ಕೇರಿಗಳು ಬರುತ್ತವೆ. ಅಲ್ಲಿನ ಹಲರು (ಅಂದರೆ ವರ್ತಕರ ಕೂಟದವರು), ಸೆಟ್ಟಿಕಾರರು ಕೂಡಿ ಕೂತು ತೀರ್ಮಾನ ಮಾಡುತ್ತಾರೆ. ದೇವಸ್ಥಾನಕ್ಕೆ ಭೂಮಿ ಬಿಟ್ಟರೂ ಅವರ ಒಪ್ಪಿಗೆ ಬೇಕು. ಕರಾವಳಿಯ ಈ ಬಂದರುಗಳ ಶಾಸನಗಳಲ್ಲಿ ನಖರ, ಹಂಜಮಾನ ಎಂಬ ವರ್ತಕರ ಕೂಟಗಳೂ ಕಾಣುತ್ತವೆ. ಹಂಜಮಾನದವರು ಅಂದರೆ ಪಶ್ಚಿಮ ಏಷ್ಯಾದಿಂದ ಕಡಲ ಮೇಲೆ ಬಂದು ನೆಲೆನಿಂತ ವರ್ತಕರು. ಪೋರ್ಚುಗೀಸರು ಬಸ್ರೂರಿನ ಸೆಟ್ಟಿಗಳನ್ನು 'ಶಾತಿನ್' ಅಂತ ಕರೆದು, ಊರಿನ ವ್ಯವಹಾರ ಮಾತಾಡಬೇಕಾದರೆ ಅವರ ಹತ್ತಿರವೇ ಹೋಗುತ್ತಿದ್ದರು. ಕಪ್ಪ ವಸೂಲಿ ಮಾಡಿದ್ದೂ ಅವರಿಂದಲೇ, ಅದೂ ಅಕ್ಕಿ ಮೂಟೆಗಳಲ್ಲಿ.

ಘಟ್ಟದಮೇಲೆ
ಹಾಗಾದರೆ ಪ್ರಜಾಪ್ರಭುತ್ವ ಅಂತೀರಾ? ಈಗ ಏನು ಸಿಕ್ಕರೂ ನಮ್ಮಲ್ಲಿ ಆಗಲೇ ಪ್ರಜಾಪ್ರಭುತ್ವ ಇತ್ತು ಅನ್ನುವ ಚಾಳಿ ಶುರುವಾಗಿದೆ.

ಹಲರು_ಸೆಟ್ಟಿ
ನಾನು ಆ ಪದ ಬಳಸಿಲ್ಲ. ದುಡ್ಡಿದ್ದವರ ಕೂಟ ಅದು. ಗದ್ದೆ ಉಳುವವನಿಗೆ, ಮೂಟೆ ಹೊರುವವನಿಗೆ ಅಲ್ಲಿ ಬಾಯಿ ಇರಲಿಲ್ಲ. ಆದರೆ ಊರಿನ ಮೇಲೆ ಒಬ್ಬ ಅರಸ ಕೂತಿರಲಿಲ್ಲ ಅನ್ನುವುದೂ ನಿಜ. ಅರಮನೆ ಇಲ್ಲದ್ದಕ್ಕೇ ಬಸ್ರೂರು ಯಾರಿಗೂ ನೆನಪಿಲ್ಲ ಅಂತ ನನ್ನ ಅನಿಸಿಕೆ. ನಮ್ಮ ಪಾಠಪುಸ್ತಕಗಳಿಗೆ ಒಬ್ಬ ರಾಜ ಬೇಕು, ಒಂದು ಯುದ್ಧ ಬೇಕು. ಅಕ್ಕಿ ಲೆಕ್ಕ ಬರೆಯುವ ಸೆಟ್ಟಿಯ ಪ್ರತಿಮೆ ಯಾರು ನಿಲ್ಲಿಸುತ್ತಾರೆ?

ಜೈಭವಾನಿ_85
ಯುದ್ಧದ ಮಾತು ಬಂತಲ್ಲ, ಅದಕ್ಕೇ ಹೇಳುತ್ತೇನೆ. 1665ರ ಫೆಬ್ರವರಿಯಲ್ಲಿ ಶಿವಾಜಿ ಮಹಾರಾಜರು ಸ್ವತಃ ಹಡಗು ಹತ್ತಿ ಬಸ್ರೂರಿಗೆ ಬಂದರು. ಅವರು ಸ್ವತಃ ಮುನ್ನಡೆಸಿದ ನೌಕಾ ದಂಡಯಾತ್ರೆ ಇದು. ಪೋರ್ಚುಗೀಸರನ್ನು ಓಡಿಸಿ ಊರನ್ನು ಬಿಡಿಸಿದರು. ಇದನ್ನು ಯಾರೂ ಹೇಳುವುದಿಲ್ಲ.

ಮೋಡಿಲಿಪಿ
ಬಂದದ್ದು ನಿಜ. ಮಾಲ್ವಣದ ಕಡೆಯಿಂದ ಹೊರಟು ಬಂದದ್ದು, 85 ಸಣ್ಣ ಹಡಗು, ಮೂರು ದೊಡ್ಡ ಹಡಗು. ಕಾರವಾರದಲ್ಲಿದ್ದ ಇಂಗ್ಲಿಷ್ ಕೋಠಿಯವರ (ವ್ಯಾಪಾರದ ಮಳಿಗೆಯವರ) ಪತ್ರಗಳಲ್ಲಿ ಈ ಲೆಕ್ಕ ಇದೆ. ಆದರೆ ಪೋರ್ಚುಗೀಸರಿಂದ ಬಿಡಿಸಿದ್ದು ಅನ್ನುವುದು ಕೂಡುವುದಿಲ್ಲ. ಕೆಳದಿಯ ಶಿವಪ್ಪ ನಾಯಕ 1650ರ ದಶಕದಲ್ಲೇ ಪೋರ್ಚುಗೀಸರನ್ನು ಹೊನ್ನಾವರ, ಬಸ್ರೂರು, ಮಂಗಳೂರು ಮೂರೂ ಕಡೆಯಿಂದ ಹೊರಗೆ ಹಾಕಿದ್ದ. 1665ರಲ್ಲಿ ಬಸ್ರೂರು ಕೆಳದಿಯವರದ್ದು. ಆಗ ಸೋಮಶೇಖರ ನಾಯಕನ ಆಳ್ವಿಕೆ. ಹಾಗಾದರೆ ಯಾರಿಂದ ಬಿಡಿಸಿದ್ದು? ಅದು ಸೂರತ್ ಥರದ್ದೇ ಒಂದು ದಾಳಿ. ಸೂರತ್ ಕೊಳ್ಳೆ ಆದದ್ದು 1664ರ ಜನವರಿಯಲ್ಲಿ, ಇದು ಅದರ ಮರುವರ್ಷ.

ಜೈಭವಾನಿ_85
ಕೊಳ್ಳೆ ಅನ್ನುವ ಪದ ಬ್ರಿಟಿಷರದ್ದು.

ಮೋಡಿಲಿಪಿ
ಮರಾಠಿ ಬಖರುಗಳೂ (ಅವರ ಹಳೇ ಚರಿತ್ರೆಯ ಬರಹಗಳು) ಇಲ್ಲಿಂದ ಸಂಪತ್ತು ತಂದದ್ದನ್ನು ಹೆಮ್ಮೆಯಿಂದಲೇ ಹೇಳುತ್ತವೆ. ಮುಚ್ಚಿಟ್ಟಿಲ್ಲ. ಆ ಕಾಲದಲ್ಲಿ ಎಲ್ಲ ರಾಜರೂ ಮಾಡುತ್ತಿದ್ದ ಕೆಲಸ, ಅದರಲ್ಲಿ ನಾಚಿಕೆ ಪಡುವುದು ಏನಿದೆ? ನಾವೇ ಈಗ ಅದಕ್ಕೆ ಬೇರೆ ಬಟ್ಟೆ ತೊಡಿಸುತ್ತಿದ್ದೇವೆ.

ವಾಪಸ್ ಹೋಗುವಾಗ ಶಿವಾಜಿ ಗೋಕರ್ಣದಲ್ಲಿ ಶಿವರಾತ್ರಿಯ ಸ್ನಾನ ಮಾಡಿ, ಅಂಕೋಲೆ ಮೇಲೆ ಕಾರವಾರಕ್ಕೆ ಹೋದ. ಕಾರವಾರದ ವರ್ತಕರು ಕೂಡಿ ದುಡ್ಡು ಕೊಟ್ಟು ಕಳಿಸಿದರು. ಅದರಲ್ಲಿ ಇಂಗ್ಲಿಷರ ಪಾಲು 112 ಪೌಂಡ್.

ಘಟ್ಟದಮೇಲೆ
ಒಂದು ತಮಾಷೆ ಗೊತ್ತಾ? ಅದೇ ಸೋಮಶೇಖರ ನಾಯಕನ ಹೆಂಡತಿ ಕೆಳದಿ ಚೆನ್ನಮ್ಮ. ಮುಂದೆ ಔರಂಗಜೇಬನ ಸೈನ್ಯ ಬೆನ್ನು ಹತ್ತಿದಾಗ ಶಿವಾಜಿಯ ಮಗ ರಾಜಾರಾಮನಿಗೆ ದಾರಿ ಮಾಡಿಕೊಟ್ಟವಳು ಅವಳೇ. ಅಪ್ಪ ಬಂದು ಕೊಳ್ಳೆ ಹೊಡೆದ ರಾಜ್ಯವೇ ಮಗನನ್ನು ಕಾಪಾಡಿತು. ನಿಜವಾಗಿ ಹಬ್ಬ ಮಾಡಬೇಕಾದದ್ದು ಇದಕ್ಕೆ.

ಜೈಭವಾನಿ_85
ಇದನ್ನು ಒಪ್ಪುತ್ತೇನೆ. ಉಳಿದದ್ದನ್ನು ಒಪ್ಪುವುದಿಲ್ಲ.

ಕುಂದಾಪ್ರದವ
ಸಾಕು ಮಾರಾಯ್ರೆ, ಈ ಜಗಳ ಪ್ರತಿ ವರ್ಷ ಇದ್ದದ್ದೇ. ನಮ್ಮೂರಿನವರಿಗೆ ಎರಡೂ ಕಡೆಯವರು ಬಂದು ಭಾಷಣ ಮಾಡಿ ಹೋಗುತ್ತಾರೆ. ಪಾಳುಬಿದ್ದ ಗುಡಿಯ ಹುಲ್ಲು ಕೀಳುವವರು ಮಾತ್ರ ಯಾರೂ ಇಲ್ಲ.

ದಾರಿಹೋಕ
ಪೋರ್ಚುಗೀಸರ ಕೋಟೆ ಬಸ್ರೂರಿನಲ್ಲೇ ಇತ್ತಾ? ಈಗ ಏನಾದರೂ ಕಾಣುತ್ತದಾ?

ರೊಸಾರಿಯೋ_ಬೀದಿ
ಬಸ್ರೂರಿನಲ್ಲಿ ಅಲ್ಲ. ಅವರು 1569ರಲ್ಲಿ ಗೆದ್ದು ಕೋಟೆ ಹಾಕಿದ್ದು ಕೆಳಗೆ, ಅಳಿವೆಯ ಕಡೆ, ಈಗಿನ ಕುಂದಾಪುರದ ಹತ್ತಿರ. ಅದರ ಮರುವರ್ಷದಿಂದಲೇ ಕುಂದಾಪುರದ ರೊಸಾರಿ ಚರ್ಚಿನ ಲೆಕ್ಕ ಶುರುವಾಗುತ್ತದೆ, 1570. ಎದುರು ದಡದ ಗಂಗೊಳ್ಳಿಯಲ್ಲೂ ಆಮೇಲೆ ಒಂದು ಕೋಟೆ ಕಟ್ಟಿದರು. ಅಳಿವೆ ಹಿಡಿದರೆ ಸಾಕು, ಒಳಗಿನ ಊರು ತಾನಾಗಿ ಕೈಗೆ ಬರುತ್ತದೆ ಅಂತ ಅವರ ಲೆಕ್ಕ.

1623ರಲ್ಲಿ ಪಿಯೆತ್ರೊ ದೆಲ್ಲಾ ವಾಲೆ ಎಂಬ ಇಟಲಿಯ ಪ್ರವಾಸಿ ಬಂದಾಗ ಮೇಲಿನ ಬಸ್ರೂರು, ಕೆಳಗಿನ ಬಸ್ರೂರು ಅಂತ ಎರಡು ಹೇಳುತ್ತಾನೆ. ಮೇಲಿನದು ನಮ್ಮವರದ್ದು, ಇಕ್ಕೇರಿಯ, ಅಂದರೆ ಅದೇ ಕೆಳದಿ ಮನೆತನದ, ವೆಂಕಟಪ್ಪ ನಾಯಕನ ಅಧೀನ. ಕೆಳಗಿನದು ಪೋರ್ಚುಗೀಸರದ್ದು. ಅಂದರೆ ಒಂದೇ ಹೊಳೆಯಲ್ಲಿ ಇಬ್ಬರ ವ್ಯಾಪಾರ. ಮೇಲಿನವರಿಗೆ ಕಡಲಿಗೆ ಇಳಿಯಬೇಕಾದರೆ ಕೆಳಗಿನವರ ಕೋಟೆ ದಾಟಬೇಕು. ಕೆಳಗಿನವರಿಗೆ ಅಕ್ಕಿ ಬೇಕಾದರೆ ಮೇಲಿನವರು ಕೊಡಬೇಕು. ಜಗಳವೂ ಆಗುತ್ತಿತ್ತು, ವ್ಯಾಪಾರವೂ ನಿಲ್ಲುತ್ತಿರಲಿಲ್ಲ.

ಚರ್ಚಿನ ಕಟ್ಟಡ ನೋಡಿ ಅಷ್ಟು ಹಳೇದು ಅಂದುಕೊಳ್ಳಬೇಡಿ. ಕೋಟೆಯದ್ದು ಹೇಳಿಕೊಳ್ಳುವಂಥದ್ದು ಏನೂ ಉಳಿದಿಲ್ಲ.

ನೀರುದೋಸೆ
ಆಮೇಲೆ ಡಚ್ಚರೂ ಬಂದಿದ್ದರಲ್ಲ?

ಮೋಡಿಲಿಪಿ
ಹೌದು, ಅವರಿಗೂ ಅಕ್ಕಿಯೇ ಬೇಕಿತ್ತು. ಕೊಚ್ಚಿಯಲ್ಲಿದ್ದ ತಮ್ಮ ಸೈನಿಕರಿಗೆ ಊಟ ಹಾಕಬೇಕಲ್ಲ. ಕೆಳದಿಯವರ ಜೊತೆ ಒಪ್ಪಂದ ಮಾಡಿಕೊಂಡು ಬಸ್ರೂರಿನಲ್ಲಿ ಕೋಠಿ ಇಟ್ಟಿದ್ದರು.

ಮುಂಬೈ_ಕ್ಯಾಂಟೀನ್
ಎಲ್ಲ ಸರಿ, ಮುಳುಗಿದ್ದು ಹೇಗೆ? ನಮ್ಮಜ್ಜಯ್ಯ ಹೇಳುತ್ತಿದ್ದದ್ದು ಹೊಳೆ ಹೂಳು ತುಂಬಿತು, ಹಡಗು ಬರುವುದು ನಿಂತಿತು ಅಂತ ಅಷ್ಟೇ.

ಹಲರು_ಸೆಟ್ಟಿ
ಹೂಳು ಒಂದು ಕಾರಣ. ಆದರೆ ಎಲ್ಲವನ್ನೂ ಹೂಳಿನ ಮೇಲೆ ಹಾಕಿದರೆ ತಪ್ಪಾಗುತ್ತದೆ. ದುಡ್ಡಿದ್ದ ಊರು ಹೊಳೆಯನ್ನೂ ಹೇಗೋ ನಿಭಾಯಿಸುತ್ತದೆ. ಒಂದೊಂದೇ ಆಧಾರ ಕಳಚಿತು ಅನ್ನಿ. ಮೊದಲು ವಿಜಯನಗರ ಬಿತ್ತು, 1565. ನಾಲ್ಕೇ ವರ್ಷಕ್ಕೆ ಅಳಿವೆ ಪೋರ್ಚುಗೀಸರ ಕೈಗೆ ಹೋಯಿತು. ಕೆಳದಿಯವರು ವಾಪಸ್ ತೆಗೆದುಕೊಂಡರು ಸರಿ, ಆದರೆ ಅವರು ಗಟ್ಟಿ ಅರಸರು. ಶಿವಪ್ಪ ನಾಯಕನ ಶಿಸ್ತು ಗೊತ್ತಲ್ಲ, ಕಂದಾಯ ಬರೆದಿಟ್ಟು ವಸೂಲಿ ಮಾಡಿದವನು. ಸೆಟ್ಟಿಗಳಿಗೆ ಮೊದಲಿನ ಸಲೀಸು ಇರಲಿಲ್ಲ. 1763ರಲ್ಲಿ ಹೈದರ್ ಅಲಿ ಬಿದನೂರು ತೆಗೆದುಕೊಂಡ. ಘಟ್ಟದ ಮೇಲಿನ ರಾಜಧಾನಿಯೇ ಹೋದ ಮೇಲೆ ಕೆಳಗಿನ ಬಂದರಿಗೆ ಏನು ಕೆಲಸ? 1799ರಲ್ಲಿ ಬ್ರಿಟಿಷರು ಬಂದರು. ಅವರಿಗೆ ಮಂಗಳೂರು ಮುಖ್ಯವಾಯಿತು, ಕಚೇರಿ ಕುಂದಾಪುರಕ್ಕೆ ಬಂತು. ದೊಡ್ಡ ಹಡಗುಗಳಿಗೆ ವಾರಾಹಿಯ ಒಳದಾರಿ ಸಾಲಲಿಲ್ಲ.

ರೊಸಾರಿಯೋ_ಬೀದಿ
ನಾನು ಅಷ್ಟು ಒಪ್ಪುವುದಿಲ್ಲ. ಕೆಳದಿಯವರ ಕಾಲದಲ್ಲಿ ವ್ಯಾಪಾರ ಚೆನ್ನಾಗಿಯೇ ಇತ್ತು. ಇಲ್ಲದಿದ್ದರೆ 1665ರಲ್ಲಿ ಶಿವಾಜಿ ಅಷ್ಟು ದೂರ ಬಂದದ್ದು ಯಾಕೆ? ಖಾಲಿ ಪೆಟ್ಟಿಗೆಗೆ ಯಾರೂ ಹಡಗು ಕಟ್ಟಿಕೊಂಡು ಬರುವುದಿಲ್ಲ.

ಹಲರು_ಸೆಟ್ಟಿ
ಅದು ಒಳ್ಳೆಯ ಪ್ರಶ್ನೆ. ಊರಲ್ಲಿ ದುಡ್ಡಿತ್ತು, ಆದರೆ ಮಾತು ನಡೆಯುವುದು ಕಡಿಮೆಯಾಗಿತ್ತು ಅಂತ ನನ್ನ ವಾದ. ದುಡ್ಡು ಆಮೇಲೆ ಹೋಯಿತು.

ಗದ್ದೆಬದು
ದುಡ್ಡು ಎಲ್ಲಿಗೂ ಹೋಗಲಿಲ್ಲ, ಮುಂಬೈಗೆ ಹೋಯಿತು. ಕುಂದಾಪುರ ತಾಲ್ಲೂಕಿನ ಯಾವ ಮನೆಯಲ್ಲಿ ಕೇಳಿದರೂ ಒಬ್ಬ ಹೋಟೆಲಿನವ ಇರುತ್ತಾನೆ. ಮುಂಬೈ, ಬೆಂಗಳೂರು, ಹೈದರಾಬಾದ್. ಮೊದಲು ಅಕ್ಕಿ ಮೂಟೆ ಕಳಿಸುತ್ತಿದ್ದರು, ಆಮೇಲೆ ಹುಡುಗರನ್ನೇ ಕಳಿಸಿ ಅಲ್ಲೇ ಅನ್ನ ಬೇಯಿಸಿ ಮಾರಿದರು.

ಮುಂಬೈ_ಕ್ಯಾಂಟೀನ್
ಅದು ನಾನೇ 😀 ಹತ್ತನೇ ಕ್ಲಾಸ್ ಮುಗಿಸಿ ಮಾವನ ಹೋಟೆಲಿಗೆ ಬಂದವ. ಊರಲ್ಲಿ ಮನೆ ಕಟ್ಟಿಸಿದ್ದೇನೆ, ಬೀಗ ಹಾಕಿದೆ. ನಾಗನ ತಂಬಿಲಕ್ಕೆ ಮತ್ತು ಮದುವೆಗೆ ಮಾತ್ರ ತೆರೆಯುವುದು. ಅಕ್ಕಪಕ್ಕದ ಮನೆಗಳೂ ಹಾಗೇ, ಒಳಗೆ ಗ್ರಾನೈಟ್, ಹೊರಗೆ ಬೀಗ.

ಕಡ್ಲಿಬಾಗ್ಲು
ಯಾರೂ ತುಳುವೇಶ್ವರದ ಬಗ್ಗೆ ಹೇಳಲಿಲ್ಲವಲ್ಲ? ಬಸ್ರೂರಿಗೆ ಬಂದರೆ ಅದನ್ನು ನೋಡದೆ ಹೋಗಬೇಡಿ. ಮಾಡು (ಛಾವಣಿ) ಇಲ್ಲದ ಹಳೇ ಗುಡಿ, ಗೋಡೆ ಬಿದ್ದಿದೆ, ಮರದ ಬೇರು ಗರ್ಭಗುಡಿಯನ್ನು ಸುತ್ತಿ ಹಿಡಿದಿದೆ. ಒಳಗೆ ಲಿಂಗ. ಚಪ್ಪಲಿ ಹೊರಗೆ ಬಿಡಿ, ಬೇರಿನ ಮೇಲೆ ಹತ್ತಿ ಫೋಟೋ ತೆಗೆಯಬೇಡಿ. ರೀಲ್ಸ್ ಬಂದ ಮೇಲೆ ಇದೊಂದು ಕಾಟ ಶುರುವಾಗಿದೆ. ಮಹಾಲಿಂಗೇಶ್ವರ ದೇವಸ್ಥಾನವೂ ಇದೆ, ಅಲ್ಲಿ ಪೂಜೆ ಪುನಸ್ಕಾರ ಎಲ್ಲ ಚೆನ್ನಾಗಿ ನಡೆಯುತ್ತದೆ.

ಘಟ್ಟದಮೇಲೆ
ಬೇರು ತೆಗೆದು ಗುಡಿ ಸರಿ ಮಾಡಬಾರದಾ?

ಕಡ್ಲಿಬಾಗ್ಲು
ತೆಗೆದರೆ ಗೋಡೆಯೂ ಅದರ ಜೊತೆ ಬರುತ್ತದೆ ಸ್ವಾಮಿ. ಈಗ ಗೋಡೆಯನ್ನು ಹಿಡಿದಿರುವುದೇ ಆ ಬೇರು. ಗೊತ್ತಿದ್ದವರು ಬಂದು ನೋಡಿ ನಿಧಾನಕ್ಕೆ ಮಾಡಬೇಕಾದ ಕೆಲಸ. ಸಿಮೆಂಟ್ ತಂದು ಮೆತ್ತಿ, ಟೈಲ್ಸ್ ಹಾಕಿ, ಗ್ರಾನೈಟಿನಲ್ಲಿ ದಾನಿಗಳ ಹೆಸರು ಕೆತ್ತಿಸುವುದಾದರೆ ಹೀಗೇ ಇರಲಿ.

ಕತ್ತಲೆಬಸದಿ
ಈ ಮಾತಿಗೆ ಬಾರ್ಕೂರಿನಿಂದಲೂ ಒಂದು ವೋಟ್. ನಮ್ಮ ಕಡೆ ಒಂದು ಮನೆಯ ಬಾವಿಕಟ್ಟೆಯ ಹತ್ತಿರ ಬಟ್ಟೆ ಒಗೆಯುವ ಕಲ್ಲು ಮಗುಚಿದರೆ ಅಡಿಯಲ್ಲಿ ಅಕ್ಷರ. ಮನೆಯವರಿಗೆ ಗೊತ್ತಿತ್ತು. "ನುಣ್ಣಗಿತ್ತು, ಅದಕ್ಕೇ ಹಾಕಿದ್ದು" ಅಂದರು. ಬೈಯಲಿಕ್ಕೂ ಮನಸ್ಸು ಬರಲಿಲ್ಲ, ಕೂತು ಚಾ ಕುಡಿದು ಬಂದೆ.

ಹಲರು_ಸೆಟ್ಟಿ
ಕಲ್ಲಿನ ಫೋಟೋ ತೆಗೆದಿರಾ? ಇದ್ದರೆ ಹಾಕಿ. ಸಂಜೆ ಬಿಸಿಲು ಓರೆಯಾಗಿ ಬೀಳುವಾಗ ತೆಗೆದರೆ ಅಕ್ಷರ ಚೆನ್ನಾಗಿ ಕಾಣುತ್ತದೆ. ಸುಣ್ಣ, ಎಣ್ಣೆ ಹಚ್ಚಬೇಡಿ.

ನೀರುದೋಸೆ
ನಾನು ನಾಡಿದ್ದು ರೈಲಿನಲ್ಲಿ ಬರುತ್ತಿದ್ದೇನೆ. ಕುಂದಾಪುರದಲ್ಲಿ ಇಳಿದು ಬಸ್ರೂರಿಗೆ ಹೇಗೆ? ಊಟಕ್ಕೆ ಎಲ್ಲಿ?

ಕುಂದಾಪ್ರದವ
ಕುಂದಾಪುರ ಸ್ಟೇಷನ್ ಇರುವುದು ಮೂಡ್ಲಕಟ್ಟೆಯಲ್ಲಿ, ಪೇಟೆಯಲ್ಲಿ ಅಲ್ಲ. ಅಲ್ಲಿಂದ ಬಸ್ರೂರು ಹತ್ತಿರವೇ, ರಿಕ್ಷಾ ಹಿಡಿಯಿರಿ. ಬಸ್ಸಿನಲ್ಲಿ ಬಂದರೆ ಮಾತ್ರ ಮೂರುಕೈಯಲ್ಲಿ ಇಳಿಯುವುದು. ಊಟ ಕುಂದಾಪುರದಲ್ಲೇ ಮಾಡಿ. ಕೋಳಿ ತಿನ್ನುವವರಾದರೆ ಘೀ ರೋಸ್ಟ್ ಬಿಡಬೇಡಿ, ಅದು ಹುಟ್ಟಿದ್ದೇ ನಮ್ಮೂರಲ್ಲಿ.

ಕತ್ತಲೆಬಸದಿ
ಬಾರ್ಕೂರಿಗೂ ರೈಲ್ವೆ ಸ್ಟೇಷನ್ ಇದೆ, ಸುಮ್ನೆ ಹೇಳಿದೆ.

ಉಪ್ಪುಗಾಳಿ
ಜೂನ್‌ನಿಂದ ಸೆಪ್ಟೆಂಬರ್ ಒಳಗೆ ಬರುವುದಾದರೆ ಕೊಡೆ ಅಲ್ಲ, ರೈನ್‌ಕೋಟ್ ತನ್ನಿ. ಮತ್ತೆ ಆ ಗುಡಿಯ ಹತ್ತಿರ ಉಂಬಳ (ಜಿಗಣೆ) ಇರುತ್ತದೆ, ಸುಣ್ಣ ಇಟ್ಟುಕೊಳ್ಳಿ.

ಕಡ್ಲಿಬಾಗ್ಲು
ಸುಣ್ಣ ಕಾಲಿಗೆ ಮಾತ್ರ ಹಚ್ಚಿ, ಕಲ್ಲಿಗಲ್ಲ.